ತುಂಬಿ ಹೋದ ಬಾಟಲಿ ತುಂಬಿಯೇ ಬಂತು

ಕೂತ್ಕೊಳ್ಳಿ, ಕೂತ್ಕೊಳ್ಳಿ. ಹಾರ ಬೇಡ ಅಂದಿದ್ದೆ, ಹಾಕೇಬಿಟ್ರಿ. ಮೇಜಿನ ಮೇಲೆ ನನಗೆ ಅಂತ ಎರಡು ನೀರಿನ ಬಾಟಲಿ ಇಟ್ಟಿದ್ದೀರಿ. ಎದುರಿಗೆ ಜಮಖಾನದ ಮೇಲೆ ಕೂತ ಮಕ್ಕಳ ಹತ್ತಿರ ಒಂದೂ ಕಾಣ್ತಿಲ್ಲ. ಹಾಗಾಗಿ ಪೀಠಿಕೆ ಬೇಕಿಲ್ಲ.

ಶಾಲೆ ಮಕ್ಕಳು ಏನು ಕುಡೀಬೇಕು, ಏನು ಕುಡೀಬಾರದು ಅಂತ, ಡಾಕ್ಟರಾಗಿ, ಆರು ಅಂಶ ಬರೆದುಕೊಂಡು ಬಂದಿದ್ದೇನೆ. ಅದಕ್ಕೆ ಮೊದಲು ಒಂದು ಹುಡುಗಿಯ ಕಥೆ.

ಒಂಬತ್ತನೇ ಕ್ಲಾಸು. ಮೂರು ತಿಂಗಳಲ್ಲಿ ಮೂರನೇ ಸಲ ಉರಿಮೂತ್ರ ಅಂತ ಬಂದಳು. ತಾಯಿ ಬ್ಯಾಗಿನಿಂದ ಸ್ಟೀಲ್ ಬಾಟಲಿ ತೆಗೆದು ನನ್ನ ಮುಂದೆ ಅಲ್ಲಾಡಿಸಿದರು. "ನೋಡಿ ಮೇಡಂ, ಬೆಳಿಗ್ಗೆ ತುಂಬಿ ಕಳಿಸ್ತೀನಿ, ಸಂಜೆ ಹಂಗೇ ತರ್ತಾಳೆ. ತುಳಸಿಗೆ ಹುಯ್ತೀನಿ. ತುಳಸಿ ಸೊಂಪಾಗಿದೆ, ಇವಳು ಹಿಂಗಾಗಿದ್ದಾಳೆ." ನಾನೂ ಸೇರಿಕೊಂಡು ಬೈದೆ. ಹುಡುಗಿ ಕಾಲ್ಬೆರಳು ನೋಡ್ತಾ ನಿಂತಳು.

ತಾಯಿ ಲ್ಯಾಬಿಗೆ ದುಡ್ಡು ಕಟ್ಟೋಕೆ ಹೋದಾಗ ಬಾಯಿ ಬಿಟ್ಟಳು. "ಕುಡಿದ್ರೆ ಹೋಗ್ಬೇಕಾಗುತ್ತೆ ಮೇಡಂ." ಹೋಗು, ಅದಕ್ಕೇನು? "ಬಾಗಿಲಿಗೆ ಚಿಲಕ ಇಲ್ಲ. ಒಬ್ಬಳು ಒಳಗೆ ಹೋದ್ರೆ ಇನ್ನೊಬ್ಬಳು ಹೊರಗೆ ಹಿಡ್ಕೋಬೇಕು. ನನಗೆ ಹಿಡ್ಕೊಳ್ಳೋಳು ಈ ವಾರ ರಜಾ."

ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಸಂಜೆ ಐದಕ್ಕೆ ಮನೆ. ಒಂಬತ್ತು ಗಂಟೆ ಕಟ್ಟಿಕೊಂಡು ಕೂರಬೇಕು. ಹೆಣ್ಣುಮಕ್ಕಳಿಗೆ ಮೂತ್ರ ಹೊರಬರುವ ನಾಳ ಗಿಡ್ಡ, ಸೋಂಕು ಬೇಗ ಮೇಲೇರುತ್ತೆ. ನೀರು ಕಮ್ಮಿಯಾದರೆ ಮಲಬದ್ಧತೆ, ಅದರಿಂದ ಮತ್ತೆ ಸೋಂಕು. ನಾನು ಮೂರು ಸಲ ಆ್ಯಂಟಿಬಯೋಟಿಕ್ ಬರೆದಿದ್ದೆ. ಬೇಕಾಗಿದ್ದದ್ದು ಚಿಲಕ! ಅದು ನನ್ನ ಚೀಟಿಗಿಂತ ಅಗ್ಗ.

2019ರ ನವೆಂಬರಿನಲ್ಲಿ, ಕೇರಳದ ಶಾಲೆಗಳನ್ನು ನೋಡಿ, ನಮ್ಮ ಸರ್ಕಾರವೂ ಶಾಲೆಯಲ್ಲಿ ಮಕ್ಕಳು ನೀರು ಕುಡೀಲಿ ಅಂತ ನೀರಿನ ಗಂಟೆ ಹೊಡೆಸ್ತೀವಿ ಅಂತು. ಒಳ್ಳೇ ಯೋಚನೆ, ನಾನೂ ಚಪ್ಪಾಳೆ ತಟ್ಟಿದೆ. ಆದರೆ ಗಂಟೆ ಹೊಡೆದು ಕುಡಿಸಿದ ಮಗು ಒಂದು ತಾಸು ಬಿಟ್ಟು ಎಲ್ಲಿಗೆ ಹೋಗಬೇಕು? ಗಂಟೆ ಇದ್ದಲ್ಲಿ ಚಿಲಕ ಇರಲಿ.

ಇನ್ನು ಗಂಡುಮಕ್ಕಳು. ನಗಬೇಡ್ರೋ, ನಿಮ್ಮ ಸರದಿ ಈಗ. ಟ್ಯೂಷನ್ ಮುಂದಿನ ಪೆಟ್ಟಿಗೆ ಅಂಗಡಿಯಲ್ಲಿ ಇಪ್ಪತ್ತು ರೂಪಾಯಿಗೆ ಸಿಗೋ ಆ ಕೆಂಪು ನೀರು, ಎನರ್ಜಿ ಡ್ರಿಂಕು. ಲೀಟರಿಗೆ 145ರಿಂದ 300 ಮಿಲಿಗ್ರಾಂ ಕೆಫೀನ್ ಹಾಕೋಕೆ ನಿಯಮದಲ್ಲಿ ಅವಕಾಶ ಇದೆ. ಮಕ್ಕಳಿಗೆ ಸಲ್ಲದು ಅಂತ ಬರೀಬೇಕು ಅಂತಲೂ ಇದೆ. ಬರೆದಿದ್ದಾರೆ, ನನ್ನ ಕನ್ನಡಕಕ್ಕೂ ಕಾಣದಷ್ಟು ಸಣ್ಣದಾಗಿ. ರಾತ್ರಿ ನಿದ್ದೆ ಬರಲ್ಲ, ಎದೆ ಡವಡವ ಅನ್ನುತ್ತೆ ಅಂತ ಹದಿನಾರರ ಹುಡುಗರನ್ನು ಇಸಿಜಿಗೆ ಕರ್ಕೊಂಡು ಬರ್ತಾರೆ. ಕೋಲಾ ಸಾಚಾ ಅಂದ್ಕೋಬೇಡಿ. 250 ಮಿಲಿಯಲ್ಲಿ ಹತ್ತಿರ ಹತ್ತಿರ 26 ಗ್ರಾಂ ಸಕ್ಕರೆ. ದೊಡ್ಡವರಿಗೇ ದಿನಕ್ಕೆ 25ರೊಳಗಿದ್ದರೆ ಒಳ್ಳೇದು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ.

ಅಮ್ಮಂದಿರೇ, ಒಂದು ಮಾತು. ಭೇದಿಯಾದಾಗ, ಕಳ್ಕೊಂಡ ನೀರು-ಉಪ್ಪು ತುಂಬೋ ಓಆರ್‌ಎಸ್ ಅಂತ ಡಬ್ಬಿಯಲ್ಲಿ ಸಿಹಿನೀರು ತರ್ತಿದ್ರಲ್ಲ, 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥವಕ್ಕೆ ಆ ಹೆಸರು ಹಾಕಬಾರದು ಅಂತು. ಅದಕ್ಕಾಗಿ ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಒದ್ದಾಡಿದರು. ನಿಜವಾದ ಓಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, ಅದಕ್ಕೆ ತಕ್ಕ ಉಪ್ಪು. ಸಕ್ಕರೆ ಜಾಸ್ತಿಯಾದರೆ ಕರುಳು ನೀರು ಎಳ್ಕೊಂಡು ಭೇದಿ ಹೆಚ್ಚುತ್ತೆ.

ಹೆಡ್‌ಮಾಸ್ಟರ್ ಗಡಿಯಾರ ನೋಡ್ತಿದ್ದಾರೆ. ಆರರಲ್ಲಿ ಎರಡಾಯ್ತೋ ಮೂರಾಯ್ತೋ. ಉಳಿದದ್ದು ಓಡಿಸ್ತೀನಿ. ಮಜ್ಜಿಗೆ ಕೊಡಿ, ಉಪ್ಪು ಒಂದು ಚಿಟಿಕೆ. ಅಂಬಲಿ ಕೊಡಿ. ರಾಮನವಮಿ ಪಾನಕಕ್ಕೆ ನನ್ನ ತಕರಾರಿಲ್ಲ, ಅದು ವರ್ಷಕ್ಕೊಂದು ದಿನ. ಮೂತ್ರ ತಿಳಿಹಳದಿ ಇದ್ದರೆ ಸರಿ, ಸಾಸಿವೆ ಎಣ್ಣೆ ಬಣ್ಣ ಬಂದರೆ ನೀರು ಸಾಲದು. ಎಸ್ಸೆಸ್ಸೆಲ್ಸಿ ಮಕ್ಕಳೇ, ಪರೀಕ್ಷೆ ಮಧ್ಯೆ ಎದ್ದು ಹೋಗ್ಬೇಕಾಗುತ್ತೆ ಅಂತ ಬೆಳಿಗ್ಗೆಯಿಂದ ಗಂಟಲು ಒಣಗಿಸ್ಕೊಂಡು ಬರ್ತೀರಿ, ತಲೆನೋವು ಬರೋದು ಅದಕ್ಕೇ. ಮೇಲ್ವಿಚಾರಕರೇ, ಕೇಳಿದರೆ ಬಿಡಿ.

ಸಾಕು. ವಂದನಾರ್ಪಣೆಗೆ ಮೊದಲು ಈ ಎರಡು ಬಾಟಲಿ ಮುಂದಿನ ಸಾಲಿಗೆ ದಾಟಿಸಿ. ಬರುವಾಗ ಹಿಂದಿನ ಓಣಿಯಲ್ಲಿ ಹುಡುಗಿಯರ ಶೌಚಾಲಯಕ್ಕೆ ಬೀಗ ಹಾಕಿದ್ದು ನೋಡಿದೆ. ಕೀಲಿಕೈ ಯಾರ ಹತ್ತಿರ ಇದೆ, ಹೆಡ್‌ಮಾಸ್ಟರೇ?