ಬಂದರಿನಲ್ಲಿ ಉಕ್ತಲೇಖನ: ವಲಸೆ ಹೋದವರು ಇಂಗ್ಲಿಷ್ ಕಲಿಯಲೇಬೇಕೇ?

[ದೃಶ್ಯ: ಕಪ್ಪು-ಬಿಳುಪಿನ ಹಡಗುಕಟ್ಟೆ. ಅಲೆಗಳ ಸದ್ದು. ಅದರ ಮೇಲೆ ಸೀಮೆಸುಣ್ಣ ಕರಿಹಲಗೆಗೆ ತಾಗುವ ಸದ್ದು.]

ಶಾಲೆಯಲ್ಲಿ ಉಕ್ತಲೇಖನ ಬರೆದ ನೆನಪಿದೆಯೇ? ಮೇಷ್ಟರು ಓದುತ್ತಾ ಹೋಗುತ್ತಿದ್ದರು. ಮಹಾಪ್ರಾಣ ಎಲ್ಲಿ ಕೈಕೊಟ್ಟಿತೋ ಎಂದು ಬೆವರುತ್ತಾ ನಾವು ಬರೆಯುತ್ತಾ ಹೋಗುತ್ತಿದ್ದೆವು. ತಪ್ಪಿದ ಪದವನ್ನು ಹತ್ತು ಸಲ ಬರೆದು ತೋರಿಸಿದರೆ ಲೆಕ್ಕ ಚುಕ್ತಾ. 1934ರ ನವೆಂಬರಿನಲ್ಲಿ ಸಿಡ್ನಿಯಲ್ಲಿ ಒಬ್ಬ ಮನುಷ್ಯನಿಗೆ ಉಕ್ತಲೇಖನ ಕೊಟ್ಟರು. ಅದರಲ್ಲಿ ತಪ್ಪಿದ್ದಕ್ಕೆ ಅವನಿಗೆ ಸಿಕ್ಕಿದ್ದು ಆರು ತಿಂಗಳ ಜೈಲುಶಿಕ್ಷೆ.

ಅವನ ಹೆಸರು ಎಗೋನ್ ಎರ್ವಿನ್ ಕಿಶ್. ಪ್ರಾಗ್ ನಗರದವನು, ಯಹೂದಿ, ಕಮ್ಯುನಿಸ್ಟ್, ಜರ್ಮನ್ ಭಾಷೆಯಲ್ಲಿ ಬರೆಯುತ್ತಿದ್ದ ಹೆಸರಾಂತ ವರದಿಗಾರ, ಹಿಟ್ಲರನ ಕಡುವಿರೋಧಿ. ಯುದ್ಧವಿರೋಧಿ ಸಮಾವೇಶವೊಂದರಲ್ಲಿ ಮಾತನಾಡಲು ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಹೋದ. ಇಂಥವನನ್ನು ನೆಲಕ್ಕೆ ಇಳಿಯಲು ಬಿಡಬಾರದೆಂದು ಅಲ್ಲಿನ ಸರ್ಕಾರ ಮೊದಲೇ ತೀರ್ಮಾನಿಸಿತ್ತು. ಆಸಾಮಿ ಮೆಲ್ಬರ್ನ್‌ನಲ್ಲಿ ಹಡಗಿನ ಮೇಲಿಂದ ಕಟ್ಟೆಗೆ ಜಿಗಿದೇಬಿಟ್ಟ, ಕಾಲು ಮುರಿಯಿತು. ಸಿಡ್ನಿಯಲ್ಲಿ ನ್ಯಾಯಾಲಯ ಬಿಡಿಸಿದ ಮೇಲೆ ಸರ್ಕಾರ ತನ್ನ ಕೊನೆಯ ಅಸ್ತ್ರವನ್ನು ತೆಗೆಯಿತು.

1901ರ ವಲಸೆ ನಿರ್ಬಂಧ ಕಾಯ್ದೆಯ ಪ್ರಕಾರ ಅಧಿಕಾರಿಯು ಯುರೋಪಿನ ಯಾವುದೇ ಭಾಷೆಯಲ್ಲಿ 50 ಪದಗಳನ್ನು ಓದಿ ಹೇಳಬಹುದಿತ್ತು. ಹೊರಗಿನಿಂದ ಬಂದವನು ಅದನ್ನು ತಪ್ಪಿಲ್ಲದೆ ಬರೆಯಬೇಕು. ಯಾವ ಭಾಷೆ ಎಂಬುದು ಅಧಿಕಾರಿಯ ಮರ್ಜಿ. ಕಿಶ್‌ಗೆ ಹಲವು ಭಾಷೆಗಳು ಬರುತ್ತಿದ್ದವು. ಆದ್ದರಿಂದ ಅವನಿಗೆ ಖಂಡಿತ ಬರಲಾರದ್ದನ್ನು ಹುಡುಕಿ ತೆಗೆದರು: ಸ್ಕಾಟ್ಲೆಂಡಿನ ಭಾಷೆಗಳಲ್ಲೊಂದಾದ ಸ್ಕಾಟಿಷ್ ಗೇಲಿಕ್. ಓದಿ ಹೇಳಿದ ಪೊಲೀಸನಿಗೇ ಆ ಭಾಷೆ ಅರೆಬರೆ.

ಮೊಕದ್ದಮೆ ಆಸ್ಟ್ರೇಲಿಯಾದ ಹೈಕೋರ್ಟಿಗೆ ಹೋಯಿತು. ಅಲ್ಲಿ ಅತ್ಯುನ್ನತ ನ್ಯಾಯಾಲಯಕ್ಕೇ ಹೈಕೋರ್ಟ್ ಎಂದು ಹೆಸರು. ಈ ಕಾಯ್ದೆಯ ಅರ್ಥದಲ್ಲಿ ಸ್ಕಾಟಿಷ್ ಗೇಲಿಕ್ ‘ಯುರೋಪಿನ ಭಾಷೆ’ ಅಲ್ಲ ಎಂದು ಅದು ತೀರ್ಪು ಕೊಟ್ಟಿತು. ಕಿಶ್ ಬಚಾವಾದ. ಸ್ಕಾಟ್ಲೆಂಡ್ ಮೂಲದವರಿಗೆ ಮೈಯೆಲ್ಲ ಉರಿದು ಪತ್ರಿಕೆಗೆ ಪತ್ರಗಳನ್ನು ಬರೆದರು.

[ಪರದೆಯ ಮೇಲೆ: ವಲಸಿಗರು ಇಂಗ್ಲಿಷ್ ಕಲಿಯಬೇಕೇ?]

ನಮಸ್ಕಾರ. ಇಂದಿನ ಪ್ರಶ್ನೆ ಪರದೆಯ ಮೇಲಿದೆ. ನನ್ನ ಉತ್ತರವನ್ನು ಕೊನೆಯವರೆಗೆ ಬಚ್ಚಿಟ್ಟುಕೊಳ್ಳುವುದಿಲ್ಲ: ಕಲಿಯಬೇಕು. ಆದರೆ ‘ಕಲಿಯಬೇಕು’ ಎಂದು ಹೇಳುವ ಸರ್ಕಾರ ಕೈಯಲ್ಲಿ ಏನನ್ನು ಹಿಡಿದುಕೊಂಡಿದೆ ಎಂಬುದನ್ನು ನೋಡಬೇಕು. ಪ್ರಶ್ನೆಪತ್ರಿಕೆಯನ್ನೋ, ಪಾಠದ ಪುಸ್ತಕವನ್ನೋ? ಭಾಷೆಯ ಹೆಸರಿನಲ್ಲಿ ಎರಡೂ ನಡೆಯುತ್ತವೆ. ಒಂದಕ್ಕೆ ನೂರು ವರ್ಷಗಳಿಗೂ ಮೀರಿದ ಕೆಟ್ಟ ಚರಿತ್ರೆಯಿದೆ. ಆ ಚರಿತ್ರೆಯ ಮೊದಲ ಪುಟಗಳಲ್ಲಿ ಇರುವವರು ಭಾರತೀಯರು.

[ದೃಶ್ಯ: ಡರ್ಬನ್ ಬಂದರು, 1897]

ದಕ್ಷಿಣ ಆಫ್ರಿಕಾದ ನಟಾಲ್. 1897ರ ಜನವರಿಯಲ್ಲಿ ಗಾಂಧೀಜಿ ಡರ್ಬನ್‌ನಲ್ಲಿ ಹಡಗಿನಿಂದ ಇಳಿದಾಗ ಬಿಳಿಯರ ಗುಂಪು ಅವರ ಮೇಲೆ ಬಿತ್ತು. ಭಾರತೀಯರು ಇನ್ನು ಬರಲೇಬಾರದು ಎಂಬುದು ಗುಂಪಿನ ಕೂಗು. ಆದರೆ ಕಾಯ್ದೆಯಲ್ಲಿ ‘ಭಾರತೀಯರು ಬರಬಾರದು’ ಎಂದು ಬರೆಯುವ ಹಾಗಿರಲಿಲ್ಲ. ಅವರೂ ವಿಕ್ಟೋರಿಯಾ ರಾಣಿಯ ಪ್ರಜೆಗಳೇ ತಾನೇ! ಅದೇ ವರ್ಷ ನಟಾಲ್ ಒಂದು ಉಪಾಯ ಕಂಡುಕೊಂಡಿತು. ಯುರೋಪಿನ ಯಾವುದಾದರೂ ಭಾಷೆಯ ಲಿಪಿಯಲ್ಲಿ ಅರ್ಜಿ ಬರೆದು ಸಹಿ ಹಾಕಲಾರದವನಿಗೆ ಪ್ರವೇಶವಿಲ್ಲ ಎಂದಿತು. ಬಣ್ಣದ ಮಾತೇ ಇಲ್ಲ, ಜಾತಿಯ ಸೊಲ್ಲೇ ಇಲ್ಲ. ಕನ್ನಡದಲ್ಲಿ ಷಟ್ಪದಿ ಕಟ್ಟಬಲ್ಲವನು, ಪಾರಸಿಯಲ್ಲಿ ಲೆಕ್ಕ ಬರೆಯಬಲ್ಲವನು, ಇವರೆಲ್ಲ ಆ ಬಂದರಿನಲ್ಲಿ ನಿರಕ್ಷರಿಗಳು.

ಲಂಡನ್ನಿನಲ್ಲಿ ವಸಾಹತು ಮಂತ್ರಿ ಜೋಸೆಫ್ ಚೇಂಬರ್ಲೇನ್‌ಗೆ ಈ ಜಾಣತನ ಬಹಳ ಹಿಡಿಸಿತು. ಉಳಿದ ವಸಾಹತುಗಳ ಪ್ರಧಾನಿಗಳಿಗೂ ಇದೇ ದಾರಿಯನ್ನು ತೋರಿಸಿದ. ಆಸ್ಟ್ರೇಲಿಯಾದ ಉಕ್ತಲೇಖನ ಹುಟ್ಟಿದ್ದು ಹೀಗೆ.

[ಪರದೆಯ ಮೇಲೆ: 1902–03: ಪರೀಕ್ಷೆ 805 ಸಲ, ತೇರ್ಗಡೆ 46. 1904–09: ಪರೀಕ್ಷೆ 554 ಸಲ, ತೇರ್ಗಡೆ 6. 1909ರ ನಂತರ: ಸೊನ್ನೆ.]

ಆ ಸೊನ್ನೆಯನ್ನು ಸ್ವಲ್ಪ ಹೊತ್ತು ನೋಡಿ. 1909ರ ನಂತರ ಒಬ್ಬನೂ ತೇರ್ಗಡೆಯಾಗಲಿಲ್ಲ. ಇಷ್ಟು ಕಟ್ಟುನಿಟ್ಟಾಗಿ ಅನುತ್ತೀರ್ಣಗೊಳಿಸಬೇಕಾದರೆ ಪ್ರಶ್ನೆಪತ್ರಿಕೆ ತೆಗೆಯುವವನಿಗೆ ಫಲಿತಾಂಶ ಮೊದಲೇ ಗೊತ್ತಿರಬೇಕು. ಕಾಯ್ದೆ ರದ್ದಾದದ್ದು 1958ರಲ್ಲಿ.

ವಿಚಿತ್ರವೆಂದರೆ ಆ ದೇಶವೇ 1948ರಲ್ಲಿ ವಯಸ್ಕ ವಲಸಿಗರಿಗೆ ಸರ್ಕಾರದ ಖರ್ಚಿನಲ್ಲಿ ಇಂಗ್ಲಿಷ್ ಕಲಿಸುವ ಯೋಜನೆಯೊಂದನ್ನು ಆರಂಭಿಸಿತು. ಯುದ್ಧದಲ್ಲಿ ಮನೆಮಠ ಕಳೆದುಕೊಂಡು ಯುರೋಪಿನಿಂದ ಬಂದವರಿಗೆ ಶಿಬಿರಗಳಲ್ಲೇ ಪಾಠ ನಡೆಯುತ್ತಿತ್ತು. ಹತ್ತು ವರ್ಷ ಎರಡೂ ಒಟ್ಟಿಗೆ ನಡೆದವು: ಬಿಳಿಯರಿಗೆ ಪಾಠ, ಉಳಿದವರಿಗೆ ಉಕ್ತಲೇಖನ. ಪರೀಕ್ಷೆ ಸತ್ತಿತು, ಪಾಠ ಉಳಿಯಿತು. ಹಿಂದೆ ಒಬ್ಬರಿಗೆ 510 ಗಂಟೆಗಳ ಉಚಿತ ಪಾಠ ಎಂಬ ಮಿತಿಯಿತ್ತು. 2021ರಲ್ಲಿ ಆ ಮಿತಿಯನ್ನೂ ತೆಗೆದರು. ಈಗ ಅಲ್ಲಿಗೆ ಹೋಗುವವರು ಯಾವ ಬಣ್ಣದವರೇ ಆಗಲಿ, ಅರ್ಹ ವೀಸಾ ಇದ್ದರೆ ತರಗತಿಯಲ್ಲಿ ಕುಳಿತುಕೊಳ್ಳಬಹುದು.

ಈಗ ಬ್ರಿಟನ್ನಿಗೆ ಬರೋಣ.

[ದೃಶ್ಯ: ಲಂಡನ್ನಿನ ಬಸ್, ತರಕಾರಿ ಅಂಗಡಿ, ಆಸ್ಪತ್ರೆಯ ಕಾಯುವ ಕೋಣೆ]

ಅಲ್ಲಿ ಕೇಳಿಬರುವ ದೂರು ಎಲ್ಲರಿಗೂ ಗೊತ್ತಿರುವುದೇ: ‘ಬಂದವರು ನಮ್ಮ ಭಾಷೆ ಕಲಿಯುವುದಿಲ್ಲ.’ 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಗ್ಲಿಷ್ ಒಂದಿಷ್ಟೂ ಬಾರದು ಎಂದವರು ಸುಮಾರು 1,61,000 ಮಂದಿ. ಅಂದರೆ ಶೇಕಡಾ 0.3. ಚೆನ್ನಾಗಿ ಬಾರದು ಎಂದವರು ಸುಮಾರು 8,80,000. ದೂರು ಮಾಡುವ ಗದ್ದಲಕ್ಕೆ ಹೋಲಿಸಿದರೆ ಇದು ಚಿಕ್ಕ ಸಂಖ್ಯೆ. ಹಾಗೆಂದು ತಳ್ಳಿಹಾಕುವಂಥದ್ದೂ ಅಲ್ಲ, ಏಕೆಂದರೆ ಆ ಒಂದು ಲಕ್ಷ ಚಿಲ್ಲರೆ ಜನರ ಬದುಕು ನಿಜವಾಗಿಯೂ ಕಷ್ಟದ್ದು.

‘ಯಾರಿಗೆ ಯಾವ ಭಾಷೆ ಬೇಕೋ ಅದನ್ನು ಮಾತನಾಡಿಕೊಂಡಿರಲಿ, ಬಿಡಿ’ ಎನ್ನುವ ಉದಾರಿಗಳ ಮಾತು ನನಗೆ ಒಪ್ಪಿಗೆಯಾಗದೆ ಇರುವುದು ಇಲ್ಲಿಯೇ. ವೈದ್ಯರ ಮುಂದೆ ತಾಯಿ ಕುಳಿತಿದ್ದಾಳೆ, ಪಕ್ಕದಲ್ಲಿ ಹತ್ತು ವರ್ಷದ ಮಗ. ಗರ್ಭಕೋಶದ ತೊಂದರೆಯನ್ನು ಅವಳು ಆ ಹುಡುಗನ ಬಾಯಿಂದ ಹೇಳಿಸಬೇಕು. ಅವಳು ಅರ್ಧ ಹೇಳುತ್ತಾಳೆ, ಅವನಿಗೆ ಕಾಲುಭಾಗ ಅರ್ಥವಾಗುತ್ತದೆ, ವೈದ್ಯರಿಗೆ ತಲುಪುವುದು ‘ಹೊಟ್ಟೆನೋವು’ ಮಾತ್ರ. ಮನೆಯಲ್ಲಿ ಏಟು ತಿನ್ನುವವಳು ಹೇಗೋ ಪೊಲೀಸರನ್ನು ಕರೆಸಿದರೂ, ಬಾಗಿಲಲ್ಲಿ ನಿಂತು ಅವರೊಂದಿಗೆ ಮಾತನಾಡುವವನು ಹೊಡೆದ ಗಂಡನೇ. ಭಾಷೆ ಬಾರದವಳ ಕೀಲಿಕೈ ಯಾವಾಗಲೂ ಬೇರೆಯವರ ಜೇಬಿನಲ್ಲಿರುತ್ತದೆ. ಅವಳು ಇಂಗ್ಲಿಷ್ ಕಲಿಯಬೇಕಾದದ್ದು ರಾಣಿಗಾಗಿಯೂ ಅಲ್ಲ, ರಾಜನಿಗಾಗಿಯೂ ಅಲ್ಲ.

ಹಾಗಾದರೆ ಸರ್ಕಾರ ಏನು ಮಾಡುತ್ತದೆ? ಮೊದಲು ಪರೀಕ್ಷೆಯ ಕಡೆ ನೋಡೋಣ.

[ಪರದೆಯ ಮೇಲೆ: ಎ1 → ಎ2 → ಬಿ1]

ಬ್ರಿಟನ್ನಿನಲ್ಲಿರುವ ಗಂಡನನ್ನೋ ಹೆಂಡತಿಯನ್ನೋ ಸೇರಲು ಹೋಗುವವರು 2010ರ ನವೆಂಬರಿನಿಂದ, ಹೊರಡುವ ಮೊದಲೇ, ಎ1 ಎಂಬ ಮೊದಲ ಮೆಟ್ಟಿಲಿನ ಪರೀಕ್ಷೆ ಮುಗಿಸಿರಬೇಕು. ಹೆಸರು, ಊರು, ಮನೆಮಂದಿ, ಪೇಟೆ, ಇಷ್ಟರ ಬಗ್ಗೆ ನಿಧಾನವಾಗಿ ಕೇಳಿ ಉತ್ತರಿಸುವ ಮಟ್ಟ ಅದು. ಎರಡೂವರೆ ವರ್ಷಗಳ ಮೇಲೆ ವೀಸಾ ವಿಸ್ತರಣೆಗೆ ಎ2, ಐದು ವರ್ಷಗಳ ಮೇಲೆ ಕಾಯಂ ನೆಲೆಸಲು ಬಿ1. ಅದರ ಜೊತೆಗೆ ದೇಶದ ಚರಿತ್ರೆ-ಆಚಾರಗಳ ಕುರಿತ 24 ಪ್ರಶ್ನೆಗಳ ಇನ್ನೊಂದು ಪರೀಕ್ಷೆ, 18 ಸರಿಯಾಗಬೇಕು. 65 ದಾಟಿದವರಿಗೆ ಭಾಷೆಯ ಪರೀಕ್ಷೆಯಿಂದ ವಿನಾಯಿತಿ ಇದೆ.

ಜಮೈಕಾ, ಗಯಾನ, ಮಾಲ್ಟಾ ದೇಶದವರಿಗೆ ಪರೀಕ್ಷೆ ಇಲ್ಲ. ಅವು ಇಂಗ್ಲಿಷ್ ಬಲ್ಲ ದೇಶಗಳ ಪಟ್ಟಿಯಲ್ಲಿವೆ. ಭಾರತ ಆ ಪಟ್ಟಿಯಲ್ಲಿಲ್ಲ. ಪದವಿಯನ್ನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದರೆ ಪ್ರಮಾಣಪತ್ರ ತಂದು ತಪ್ಪಿಸಿಕೊಳ್ಳಬಹುದು. ಹಾಗಾಗಿ ನಮ್ಮ ಎಂಜಿನಿಯರ್ ಹುಡುಗಿಗೆ ಇದು ಕಾಗದಪತ್ರದ ಕೆಲಸ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿ ಮದುವೆಯಾಗಿ ಹೊರಟವಳಿಗೆ ಪರೀಕ್ಷೆ. ಶುಲ್ಕ, ತರಬೇತಿ, ಪರೀಕ್ಷಾ ಕೇಂದ್ರವಿರುವ ದೂರದ ನಗರಕ್ಕೆ ಪ್ರಯಾಣ ಎಲ್ಲವೂ ತವರಿನವರ ಜೇಬಿಗೆ.

ಹೊರಡುವ ಮೊದಲೇ ಪರೀಕ್ಷೆ ಎಂಬ ಈ ನಿಯಮವನ್ನು ಅಲ್ಲಿನ ಸುಪ್ರೀಂ ಕೋರ್ಟಿನವರೆಗೂ ಒಯ್ದರು. 2015ರ ನವೆಂಬರಿನಲ್ಲಿ ನ್ಯಾಯಮೂರ್ತಿಗಳು ನಿಯಮವನ್ನು ರದ್ದು ಮಾಡಲಿಲ್ಲ. ಆದರೆ ವಿನಾಯಿತಿಯ ಬಾಗಿಲು ತೀರಾ ಕಿರಿದು, ದೂರ ಮತ್ತು ಖರ್ಚಿನಿಂದಾಗಿ ಪರೀಕ್ಷೆ ಬರೆಯಲಾಗದವರ ಹಕ್ಕಿಗೆ ಇದರಿಂದ ಧಕ್ಕೆಯಾಗಬಹುದು ಎಂದು ಎಚ್ಚರಿಸಿದರು. ನನಗಂತೂ ನಿಯಮದ ತರ್ಕವೇ ತಲೆಕೆಳಗಾಗಿ ಕಾಣುತ್ತದೆ. ಈಜನ್ನು ಅಂಗಳದಲ್ಲಿ ಕಲಿತು, ಪರೀಕ್ಷೆ ಕೊಟ್ಟು, ಆಮೇಲೆ ಕೆರೆಗೆ ಬಾ ಎಂದ ಹಾಗಾಯಿತು.

ಎಲ್ಲ ಪರೀಕ್ಷೆಯೂ ಕೆಟ್ಟದ್ದಲ್ಲ. 1975ರಿಂದಲೇ ಭಾರತದಂಥ ದೇಶಗಳ ವೈದ್ಯರು ಇಂಗ್ಲಿಷ್ ಪರೀಕ್ಷೆ ಮುಗಿಸಿಯೇ ಬ್ರಿಟನ್ನಿನಲ್ಲಿ ಸ್ಟೆತಾಸ್ಕೋಪ್ ಹಿಡಿಯಬೇಕಿತ್ತು. ಯುರೋಪ್ ಒಕ್ಕೂಟದ ವೈದ್ಯರಿಗೆ ಅದು ಇರಲಿಲ್ಲ. 2008ರಲ್ಲಿ ಜರ್ಮನಿಯಿಂದ ಬಂದ ವೈದ್ಯರೊಬ್ಬರು ನೋವುನಿವಾರಕ ಔಷಧಿಯನ್ನು ಹತ್ತು ಪಟ್ಟು ಕೊಟ್ಟು ರೋಗಿಯೊಬ್ಬರು ತೀರಿಕೊಂಡರು. ಅದೇ ಅವರ ಮೊದಲ ಪಾಳಿ. ಒಂದು ಪ್ರಾಂತದಲ್ಲಿ ಇಂಗ್ಲಿಷ್ ಸಾಲದೆಂದು ತಿರಸ್ಕೃತರಾಗಿದ್ದವರು ಇನ್ನೊಂದು ಪ್ರಾಂತದಲ್ಲಿ ನೋಂದಣಿ ಪಡೆದಿದ್ದರು. ಆಗಿದ್ದ ತಪ್ಪು ಬರೀ ಭಾಷೆಯದ್ದಲ್ಲ, ನಿಜ. ಆದರೂ 2014ರಲ್ಲಿ ಯುರೋಪಿನ ವೈದ್ಯರ ಇಂಗ್ಲಿಷನ್ನೂ ಪರೀಕ್ಷಿಸುವ ಅಧಿಕಾರವನ್ನು ವೈದ್ಯಕೀಯ ಮಂಡಳಿಗೆ ಕೊಟ್ಟರು. ಸರಿಯಾದದ್ದೇ. ಇನ್ನೊಬ್ಬರ ಪ್ರಾಣ ಕೈಯಲ್ಲಿರುವವರನ್ನು ಪರೀಕ್ಷಿಸುವುದು ಬೇರೆ, ಗಂಡನ ಮನೆಗೆ ಹೊರಟವಳನ್ನು ಪರೀಕ್ಷಿಸುವುದು ಬೇರೆ.

[ದೃಶ್ಯ: ಖಾಲಿ ತರಗತಿ, ಮಡಚಿಟ್ಟ ಕುರ್ಚಿಗಳು]

ಇನ್ನು ಪಾಠ. 2016ರ ಜನವರಿಯಲ್ಲಿ ಪ್ರಧಾನಿ ಡೇವಿಡ್ ಕ್ಯಾಮರೂನ್, ಮುಸ್ಲಿಂ ಮಹಿಳೆಯರಿಗೆ ಇಂಗ್ಲಿಷ್ ಕಲಿಸಲು 2 ಕೋಟಿ ಪೌಂಡ್ ಕೊಡುತ್ತೇವೆ ಎಂದರು. ಸಂಗಾತಿ ವೀಸಾದಲ್ಲಿ ಬಂದವರು ಎರಡೂವರೆ ವರ್ಷಗಳಲ್ಲಿ ಸುಧಾರಿಸದಿದ್ದರೆ ಇಲ್ಲಿ ಉಳಿಯುವ ಭರವಸೆ ಇಲ್ಲ ಎಂದೂ ಸೂಚಿಸಿದರು. ಕೇಳಲು ಚೆನ್ನಾಗಿತ್ತು. ಆದರೆ ಅವರದೇ ಆಡಳಿತದ ಅವಧಿಯಲ್ಲಿ ಇಂಗ್ಲೆಂಡಿನಲ್ಲಿ ವಯಸ್ಕ ವಲಸಿಗರ ಇಂಗ್ಲಿಷ್ ತರಗತಿಗಳ ಅನುದಾನ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಬಾವಿಗೆ ಮಣ್ಣು ತುಂಬಿ, ನೀರು ಸೇದಲು ಬಾರದವಳೆಂದು ಸೊಸೆಯನ್ನು ಬೈದಂತೆ. ಆಶ್ರಯ ಕೋರಿ ಬಂದವರ ಪಾಡು ನೋಡಿ: ಇಂಗ್ಲೆಂಡಿನಲ್ಲಿ ಅರ್ಜಿ ಹಾಕಿ ಆರು ತಿಂಗಳು ಕಾಯುವವರೆಗೆ ಸರ್ಕಾರಿ ಅನುದಾನದ ತರಗತಿ ಇಲ್ಲ. ಕೆಲಸ ಮಾಡುವ ಹಾಗಿಲ್ಲ, ಹೋಗಲು ಜಾಗವಿಲ್ಲ, ಇಡೀ ದಿನ ಖಾಲಿ. ಭಾಷೆ ಕಲಿಯಲು ಅದಕ್ಕಿಂತ ಒಳ್ಳೆಯ ಆರು ತಿಂಗಳು ಮತ್ತೆ ಸಿಗುವುದಿಲ್ಲ. ಗಡಿ ದಾಟಿ ಸ್ಕಾಟ್ಲೆಂಡಿಗೆ ಹೋದರೆ ಮೊದಲ ದಿನದಿಂದಲೇ ಕಲಿಯಬಹುದು.

ಪರೀಕ್ಷೆಯೇ ಎಲ್ಲವೂ ಆದಾಗ ಏನಾಗುತ್ತದೆ ಎಂಬುದಕ್ಕೆ ಅಲ್ಲಿ ಇತ್ತೀಚಿನ ಉದಾಹರಣೆಯೇ ಇದೆ. 2014ರ ಫೆಬ್ರವರಿಯಲ್ಲಿ ಬಿಬಿಸಿಯ ತನಿಖಾ ಕಾರ್ಯಕ್ರಮವೊಂದು, ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಇಂಗ್ಲಿಷ್ ಪರೀಕ್ಷೆಯಲ್ಲಿ ಬದಲಿ ವ್ಯಕ್ತಿಗಳನ್ನು ಕೂರಿಸುತ್ತಿದ್ದುದನ್ನು ಬಯಲು ಮಾಡಿತು. ಮೋಸ ನಡೆದಿದ್ದು ನಿಜ. ಪರೀಕ್ಷಾ ಸಂಸ್ಥೆ ಧ್ವನಿಮುದ್ರಣಗಳನ್ನು ಪರಿಶೀಲಿಸಿ ಕೊಟ್ಟ ಲೆಕ್ಕ ಇದು:

[ಪರದೆಯ ಮೇಲೆ: ಒಟ್ಟು ಪರೀಕ್ಷೆಗಳು 58,458. ‘ಅಸಿಂಧು’ 33,725. ‘ಸಂದೇಹಾಸ್ಪದ’ 22,694.]

ನೂರಕ್ಕೆ 97 ಪರೀಕ್ಷೆಗಳು ಸಂಶಯದ ಪಟ್ಟಿಗೆ! ನೂರಕ್ಕೆ 97 ಮಂದಿ ಕಳ್ಳರಾದ ಪರೀಕ್ಷೆಯನ್ನು ನಾನು ಕೇಳಿಲ್ಲ. ಗೃಹ ಇಲಾಖೆ ಆ ಪಟ್ಟಿಯನ್ನು ಹಿಡಿದುಕೊಂಡು ಸಾವಿರಾರು ವಿದ್ಯಾರ್ಥಿಗಳ ವೀಸಾ ರದ್ದು ಮಾಡಿತು. ಅವರಲ್ಲಿ ಭಾರತೀಯರೂ ಬಹಳ ಮಂದಿ. 2016ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಇಲಾಖೆಯ ಸಾಕ್ಷ್ಯದಲ್ಲಿ ಹಲವು ದೌರ್ಬಲ್ಯಗಳಿವೆ ಎಂದಿತು. ತಾವು ಮೋಸ ಮಾಡಿಲ್ಲ ಎಂದು ಎಷ್ಟೋ ಮಂದಿ ನ್ಯಾಯಾಧೀಶರ ಮುಂದೆ ನಿಂತು ವಾದಿಸಿದರು, ಇಂಗ್ಲಿಷಿನಲ್ಲಿಯೇ.

ಇಷ್ಟರಲ್ಲಿ ಕಾಮೆಂಟುಗಳಲ್ಲಿ ಬೆಂಗಳೂರಿನ ಮಾತು ಶುರುವಾಗಿರುತ್ತದೆ, ಗೊತ್ತು. ಅದು ದೇಶದೊಳಗಿನ ವಲಸೆ; ವೀಸಾ ಇಲ್ಲ, ಬಂದರಿನಲ್ಲಿ ಅಧಿಕಾರಿಯೂ ಇಲ್ಲ, ಹಾಗಾಗಿ ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾರೆ. ಆದರೂ ಕನ್ನಡ ಕಲಿಯಿರಿ ಎಂದು ಹೇಳುವ ನಾವು, ಸಂಜೆ ಏಳಕ್ಕೆ ಕೆಲಸ ಬಿಟ್ಟು ಬರುವ ಕಾವಲುಗಾರನಿಗೆ ಕನ್ನಡ ಕಲಿಸುವ ತರಗತಿ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಥಟ್ಟನೆ ವಿಳಾಸ ಹೇಳಬಲ್ಲೆವೇ? ಇದಕ್ಕೆ ಇನ್ನೊಂದು ವಿಡಿಯೋ ಬೇಕು.

[ದೃಶ್ಯ: ವಿಮಾನ ನಿಲ್ದಾಣದ ಸಾಲು]

ಬ್ರಿಟನ್ನಿನಲ್ಲಿ ಮೆಟ್ಟಿಲುಗಳು ಇನ್ನೂ ಎತ್ತರವಾಗುತ್ತಿವೆ. 2025ರ ಮೇ ತಿಂಗಳ ಶ್ವೇತಪತ್ರ ಹೆಚ್ಚಿನ ಮಾರ್ಗಗಳಲ್ಲಿ ಕಾಯಂ ನೆಲೆಸಲು ಬಿ1ರ ಬದಲು ಅದರ ಮೇಲಿನ ಮೆಟ್ಟಿಲಾದ ಬಿ2 ಬೇಕು ಎಂದು ಪ್ರಸ್ತಾಪಿಸಿತು. ಕೆಲಸಕ್ಕೆ ಹೋಗುವವರ ಜೊತೆಗೆ ಬರುವ ವಯಸ್ಕ ಅವಲಂಬಿತರಿಗೂ ಎ1 ಬೇಕು ಎಂದಿತು. 2026ರ ಜನವರಿ 8ರಿಂದ ಕುಶಲ ಕೆಲಸಗಾರರ ವೀಸಾಕ್ಕೆ ಹೊಸದಾಗಿ ಅರ್ಜಿ ಹಾಕುವವರಿಗೆ ಬಿ2 ಕಡ್ಡಾಯವಾಗಿದೆ. ನಮ್ಮ ನರ್ಸುಗಳಿಗೆ ಇದರ ಬಿಸಿ ಅಷ್ಟಾಗಿ ತಾಗದು. ಅವರ ವೃತ್ತಿಮಂಡಳಿ ಮೊದಲಿನಿಂದಲೂ ಇದಕ್ಕಿಂತ ಹೆಚ್ಚನ್ನೇ ಕೇಳುತ್ತಿದೆ.

ಇನ್ನೊಂದು ಸಂಗತಿಯಿದೆ, ಬಹಳ ಜನರಿಗೆ ಗೊತ್ತಿಲ್ಲ. ಬ್ರಿಟಿಷ್ ಪೌರತ್ವದ ಕಾಯ್ದೆ ಇಂಗ್ಲಿಷನ್ನೊಂದೇ ಕೇಳುವುದಿಲ್ಲ. 1981ರ ಆ ಕಾಯ್ದೆಯ ಪ್ರಕಾರ ಅರ್ಜಿದಾರನಿಗೆ ಮೂರು ಭಾಷೆಗಳಲ್ಲಿ ಯಾವುದಾದರೂ ಒಂದು ಸಾಕಷ್ಟು ತಿಳಿದಿರಬೇಕು. ಒಂದು ಇಂಗ್ಲಿಷ್, ಇನ್ನೊಂದು ವೆಲ್ಷ್. ಮೂರನೆಯದು, ಕಾಲು ಮುರಿದುಕೊಂಡಿದ್ದ ಮನುಷ್ಯನಿಗೆ ಸಿಡ್ನಿಯಲ್ಲಿ ಆ ಪೊಲೀಸ್ ಅರೆಬರೆಯಾಗಿ ಓದಿ ಹೇಳಿದ್ದ ಭಾಷೆ.