ಹಳೇ ವ್ಯಾನ್ ಸೋರುತ್ತಿದೆಯೇ? ಮೊದಲು ನೀರಿನ ದಾರಿ ಹುಡುಕಿ

ಕೇಳುಗರಿಗೆ ನಮಸ್ಕಾರ.

ಹಳೇ ವ್ಯಾನ್ ಇಟ್ಟುಕೊಂಡವರಿಗೆ ಜೋರು ಮಳೆ ಬಂದರೆ ಒಂದು ಚಿಂತೆ ಶುರುವಾಗುತ್ತದೆ. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಮುಗ್ಗಲು ವಾಸನೆ. ಕಾಲಿಟ್ಟರೆ ಮ್ಯಾಟ್ ಪಚಪಚ ಅನ್ನುತ್ತದೆ. ಗಾಜಿನ ಒಳಮೈಯೆಲ್ಲ ಮಂಜು ಹಿಡಿದಿರುತ್ತದೆ. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸ ಏನು ಗೊತ್ತಾ? ಒಂದು ಸಿಲಿಕೋನ್ ಟ್ಯೂಬ್ ತಂದು, ಸಂದು ಕಂಡಲ್ಲೆಲ್ಲ ಬಳಿದುಬಿಡುತ್ತಾರೆ. ಎರಡು ಮಳೆ ಕಳೆಯುವಷ್ಟರಲ್ಲಿ ಮತ್ತೆ ಅದೇ ಕಥೆ.

ಆ ಟ್ಯೂಬನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮುಚ್ಚುವ ಕೆಲಸ ಕೊನೆಗೆ ಬರುತ್ತದೆ. ಅದಕ್ಕೂ ಮೊದಲು, ನೀರು ಹೊರಗೆ ಹೋಗಬೇಕಾದ ದಾರಿಗಳನ್ನು ತೆರೆಯಬೇಕು.

ವ್ಯಾನ್ ಅಂದರೆ ಎಲ್ಲಾ ಕಡೆ ಬಿಗಿಯಾಗಿ ಮುಚ್ಚಿದ ಡಬ್ಬ ಅಂತ ನಾವು ಅಂದುಕೊಂಡಿರುತ್ತೇವೆ. ಹಾಗಿಲ್ಲ. ಮಳೆ ಬಂದಾಗ ಬಾಗಿಲಿನ ಗಾಜಿನ ಮೇಲೆ ಇಳಿಯುವ ನೀರಿನಲ್ಲಿ ಒಂದಿಷ್ಟು ಗಾಜಿನ ಪಕ್ಕದ ಸಂದಿನಿಂದ ಬಾಗಿಲಿನ ಹೊಟ್ಟೆಯೊಳಗೇ ಹೋಗುತ್ತದೆ. ಗಾಡಿ ಹೊಸದಿದ್ದಾಗಲೂ ಹೋಗುತ್ತಿತ್ತು. ಅದು ಕೆಳಗಿನ ಅಂಚಿನ ಸಣ್ಣ ತೂತುಗಳಿಂದ ಹೊರಗೆ ಹೋಗಲಿ ಅಂತಲೇ ಬಾಗಿಲನ್ನು ಮಾಡಿರುತ್ತಾರೆ. ವೈಪರ್ ಕೆಳಗಿನ ಜಾಲರಿಯೂ ಹಾಗೇ. ಅಲ್ಲಿ ಬಿದ್ದ ನೀರು ಒಂದು ತೊಟ್ಟಿಗೆ ಇಳಿದು, ಎರಡೂ ಬದಿಯ ತೂತುಗಳಿಂದ ನೆಲಕ್ಕೆ ಬೀಳಬೇಕು. ವರ್ಷಗಟ್ಟಲೆ ಎಲೆ, ಮಣ್ಣು, ತುಕ್ಕಿನ ಪುಡಿ ಸೇರಿ ಈ ತೂತುಗಳು ಕಟ್ಟಿಕೊಂಡರೆ ನೀರು ಮೇಲೇರುತ್ತದೆ, ಬೇರೆ ದಾರಿ ನೋಡಿಕೊಳ್ಳುತ್ತದೆ. ಆ ಬೇರೆ ದಾರಿ ನಿಮ್ಮ ಕಾಲ ಹತ್ತಿರಕ್ಕೆ ಬರುತ್ತದೆ, ಅಷ್ಟೇ.

ಹಾಗಾಗಿ ಮೊದಲು ಬಾನೆಟ್ ಎತ್ತಿ, ವೈಪರ್ ಕೆಳಗಿನ ಜಾಲರಿ ಬಿಚ್ಚಿ. ಅಲ್ಲಿ ಕೊಳೆತ ಎಲೆಯ ಕಪ್ಪು ಕೆಸರು ಕೂತಿರುತ್ತದೆ, ಕೈಯಿಂದಲೇ ಬಾಚಿ ತೆಗೆಯಬೇಕು. ಒಂದು ಚೊಂಬು ನೀರು ಹಾಕಿ ನೋಡಿ. ಎರಡೂ ಬದಿಯಲ್ಲಿ ಸರಾಗವಾಗಿ ನೆಲಕ್ಕೆ ಬಿದ್ದರೆ ಸರಿ. ನಿಧಾನಕ್ಕೆ ಇಳಿದರೆ ತೂತು ಇನ್ನೂ ಅರ್ಧ ಕಟ್ಟಿದೆ ಅಂತ ಅರ್ಥ. ಡ್ಯಾಶ್‌ಬೋರ್ಡಿನ ಬ್ಲೋವರ್‌ಗೆ ಹೊರಗಿನ ಗಾಳಿ ಬರುವುದೂ ಸಾಮಾನ್ಯವಾಗಿ ಇದೇ ತೊಟ್ಟಿಯಿಂದ. ತೊಟ್ಟಿ ತುಂಬಿದರೆ ನೀರು ಬ್ಲೋವರ್ ಒಳಗೇ ಸುರಿಯುತ್ತದೆ. ಬ್ಲೋವರ್ ಹಾಕಿದಾಗ ಗುಳುಗುಳು ಸದ್ದು ಬಂದರೆ ಮೊದಲ ಅನುಮಾನ ಇಲ್ಲಿಗೇ ಹೋಗಬೇಕು.

ಬಾಗಿಲಿನ ತೂತುಗಳಿಗೆ ಒಂದು ಮೆತ್ತನೆಯ ಪ್ಲಾಸ್ಟಿಕ್ ಕಡ್ಡಿ ಸಾಕು. ಚೂಪಾದ ಕಬ್ಬಿಣ ಹಾಕಿ ಕೆರೆಯಬೇಡಿ. ಬಣ್ಣ ಕಿತ್ತರೆ ಅಲ್ಲೇ ತುಕ್ಕು ಶುರುವಾಗುತ್ತದೆ. ಮೇಲ್ಛಾವಣಿಯಲ್ಲಿ ಸನ್‌ರೂಫ್ ಇದ್ದರೆ ಅದರ ಮೂಲೆಗಳಿಂದ ಕೆಳಗಿಳಿಯುವ ಸಣ್ಣ ಪೈಪುಗಳಿರುತ್ತವೆ, ಅವನ್ನೂ ನೋಡಿ. ಜೋರಾಗಿ ಗಾಳಿ ಊದಬೇಡಿ. ಹಳೇ ಪೈಪು ಒಳಗೇ ಕಳಚಿಕೊಂಡರೆ ಮತ್ತೆ ಸಿಕ್ಕಿಸಲು ಛಾವಣಿಯ ಬಟ್ಟೆ ಇಳಿಸಬೇಕಾಗುತ್ತದೆ.

ಇಷ್ಟು ಮಾಡಿದ ಮೇಲೂ ಒದ್ದೆ ಆಗುತ್ತಿದೆ ಅಂದರೆ, ಅದು ಮಳೆ ನೀರೇ ಹೌದಾ ಅಂತ ಕೇಳಿಕೊಳ್ಳಿ. ಈ ಪ್ರಶ್ನೆ ಬಿಟ್ಟು ಮುಂದೆ ಹೋದವರು ಸುಮ್ನೆ ಒದ್ದಾಡುತ್ತಾರೆ. ಬೇಸಿಗೆಯಲ್ಲಿ, ಎಸಿ ಹಾಕಿದ ದಿನ ಮಾತ್ರ ಮುಂದಿನ ಸೀಟಿನ ಕಾಲಡಿ ಒದ್ದೆಯಾದರೆ ಅದು ಎಸಿ ನೀರು. ಅದರ ಸಣ್ಣ ರಬ್ಬರ್ ನಳಿಕೆ ಕಟ್ಟಿರುತ್ತದೆ. ಮುಟ್ಟಿದರೆ ಬೆರಳಿಗೆ ಜಿಡ್ಡು ಹತ್ತಿ, ಸ್ವಲ್ಪ ಸಿಹಿ ವಾಸನೆ ಬಂದರೆ ಅದು ಎಂಜಿನ್ ತಂಪು ಮಾಡುವ ದ್ರವ, ಕೂಲಂಟ್. ಅಂದರೆ ಹೀಟರ್ ಸೋರುತ್ತಿದೆ. ಕೂಲಂಟ್ ವಿಷ. ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಅದರಿಂದ ದೂರ ಇಡಿ, ಬೇಗ ರಿಪೇರಿ ಮಾಡಿಸಿ. ಇನ್ನು ವ್ಯಾನಿನಲ್ಲೇ ಮಲಗುವವರಿಗೆ ಬೇರೆಯದೇ ತೊಂದರೆ. ಒಬ್ಬರು ರಾತ್ರಿಯಿಡೀ ಮಲಗಿದರೆ ಉಸಿರಿನಲ್ಲಿ, ಬೆವರಿನಲ್ಲಿ ಹೋಗುವ ನೀರು ಸುಮಾರು ಕಾಲು ಲೀಟರ್ ಆದರೂ ಆಗುತ್ತದೆ. ತಣ್ಣನೆಯ ತಗಡಿಗೆ ತಾಗಿದ ಆವಿ ಹನಿಯಾಗಿ, ಗೋಡೆಗುಂಟ ಇಳಿದು, ನೆಲದಲ್ಲಿ ಸೇರುತ್ತದೆ. ಮಳೆಯೇ ಇಲ್ಲದ ಚಳಿಯ ರಾತ್ರಿಯಲ್ಲೂ ಒದ್ದೆ ಕಂಡರೆ ಇದೇ ಕಾರಣ. ಇದಕ್ಕೆ ಸಂದು ಮುಚ್ಚುವ ಪೇಸ್ಟ್, ಅಂದರೆ ಸೀಲಂಟ್, ಮದ್ದಲ್ಲ. ಕಿಟಕಿಯನ್ನು ಒಂದಿಷ್ಟು ತೆರೆದಿಟ್ಟು ಗಾಳಿ ಆಡಿಸಬೇಕು.

ಸರಿ, ಮಳೆ ನೀರೇ ಅಂತ ಖಾತ್ರಿಯಾಯಿತು ಅನ್ನಿ. ಈಗ ಒಳಗಿನದ್ದನ್ನೆಲ್ಲ ಬಿಚ್ಚಬೇಕು. ಇದಕ್ಕೆ ಬೇಜಾರು ಮಾಡಿಕೊಂಡರೆ ಸೋರಿಕೆ ಸಿಗುವುದಿಲ್ಲ. ಮ್ಯಾಟ್ ತೆಗೆಯಿರಿ, ಅದರ ಕೆಳಗಿನ ಕಾರ್ಪೆಟ್ ಎತ್ತಿ, ಕಾರ್ಪೆಟ್ ಕೆಳಗಿನ ಸ್ಪಂಜನ್ನು ಹಿಂಡಿ ನೋಡಿ. ಮೇಲಿನ ಬಟ್ಟೆ ಬೆಚ್ಚಗೆ ಒಣಗಿರುತ್ತದೆ, ಕೆಳಗಿನ ಸ್ಪಂಜಿನಿಂದ ಕಂದು ಬಣ್ಣದ ನೀರು ಧಾರೆಯಾಗಿ ಇಳಿಯುತ್ತದೆ. ಹೋದ ತಿಂಗಳ ಮಳೆ ಅಲ್ಲಿ ಇನ್ನೂ ಕೂತಿರುತ್ತದೆ. ಅದು ಒಣಗದೆ ಯಾವ ಪರೀಕ್ಷೆ ಮಾಡಿದರೂ ಹಳೇ ನೀರು ಯಾವುದು, ಹೊಸ ನೀರು ಯಾವುದು ಅಂತ ತಿಳಿಯುವುದಿಲ್ಲ. ಒಂದು ಎಚ್ಚರಿಕೆ: ಸೀಟು ಬಿಚ್ಚುವ ಮುನ್ನ ಬ್ಯಾಟರಿ ತಂತಿ ಕಳಚಿ, ಸ್ವಲ್ಪ ಹೊತ್ತು ಬಿಡಿ. ಸೀಟಿನ ಕೆಳಗೆ ಹಳದಿ ಹೊದಿಕೆಯ ವೈರ್ ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದ್ದು. ಅದರ ಗೋಜಿಗೆ ಹೋಗಬೇಡಿ.

ಹೆಂಚಿನ ಮನೆ ಸೋರುವುದನ್ನು ನೋಡಿದವರಿಗೆ ಮುಂದಿನ ಮಾತು ಬೇಗ ಅರ್ಥವಾಗುತ್ತದೆ. ಒಡೆದ ಹೆಂಚು ಒಂದು ಕಡೆ ಇರುತ್ತದೆ, ನೀರು ಪಕಾಸಿಗುಂಟ ಹರಿದು ಇನ್ನೆಲ್ಲೋ ತೊಟ್ಟಿಕ್ಕುತ್ತದೆ. ವ್ಯಾನಿನಲ್ಲೂ ಅಷ್ಟೇ. ಛಾವಣಿಯ ಹಿಂಬದಿಯಲ್ಲಿ ಒಳಬಂದ ಹನಿ, ಒಳಗಿನ ಪಟ್ಟಿ ಹಿಡಿದು ಮುಂದಕ್ಕೆ ಹರಿದು, ಕಂಬದೊಳಗೆ ಇಳಿದು, ಡ್ರೈವರ್ ಕಾಲ ಹತ್ತಿರ ಕಾಣಿಸಿಕೊಳ್ಳಬಹುದು. ಗಾಡಿ ಇಳಿಜಾರಿನಲ್ಲಿ ನಿಂತಿದ್ದರೆ ಒದ್ದೆಯಾಗುವ ಜಾಗವೇ ಬದಲಾಗುತ್ತದೆ. ಆದ್ದರಿಂದ ಒದ್ದೆ ಕಂಡ ಜಾಗವನ್ನು ನೀರು ಬಂದ ಜಾಗ ಅಂತ ನಂಬಬೇಡಿ. ಅಲ್ಲಿಂದ ಮೇಲಕ್ಕೆ, ತುಕ್ಕಿನ ಗೆರೆ, ಮಣ್ಣಿನ ಕಲೆ ಹಿಡಿದು ಹುಡುಕುತ್ತಾ ಹೋಗಿ.

ಪರೀಕ್ಷೆಗೆ ಇಬ್ಬರು ಬೇಕು. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಬೇಕು, ಇನ್ನೊಬ್ಬರು ಹೊರಗೆ ಪೈಪ್ ಹಿಡಿಯಬೇಕು. ನೀರು ಜೋರಾಗಿ ಚಿಮ್ಮಬಾರದು. ಪ್ರೆಶರ್ ವಾಶರ್ ಅಂತೂ ಬೇಡವೇ ಬೇಡ. ಚೆನ್ನಾಗಿರುವ ರಬ್ಬರನ್ನೂ ದಾಟಿಸಿ ಅದು ನೀರನ್ನು ಒಳಗೆ ನುಗ್ಗಿಸುತ್ತದೆ, ಆಗ ಇಲ್ಲದ ಸೋರಿಕೆ ಕಾಣುತ್ತದೆ. ಮಳೆಯಂತೆ ಮೆಲ್ಲಗೆ ಸುರಿಯಲಿ. ಕೆಳಗಿನಿಂದ ಶುರು ಮಾಡಿ. ಮೊದಲೇ ಛಾವಣಿಗೆ ಹಾಕಿದರೆ ನೀರು ಎಲ್ಲವನ್ನೂ ಒದ್ದೆ ಮಾಡಿಕೊಂಡು ಇಳಿಯುತ್ತದೆ, ಎಲ್ಲಿಂದ ಒಳಬಂತು ಅಂತ ಗೊತ್ತಾಗುವುದಿಲ್ಲ. ಬಾಗಿಲಿನ ಕೆಳಭಾಗಕ್ಕೆ ಹತ್ತು ನಿಮಿಷ, ನಿಲ್ಲಿಸಿ, ಒಳಗೆ ನೋಡಿ. ಆಮೇಲೆ ಕಿಟಕಿ ಮಟ್ಟಕ್ಕೆ. ಆಮೇಲೆ ಮುಂದಿನ ಗಾಜಿನ ಕೆಳ ಅಂಚು, ಪಕ್ಕದ ಅಂಚು, ಮೇಲಿನ ಅಂಚು. ಕೊನೆಗೆ ಛಾವಣಿ. ತಾಳ್ಮೆ ಬೇಕು, ನಿಜ. ಕೆಲವು ಸೋರಿಕೆಗಳು ಹತ್ತು ನಿಮಿಷಕ್ಕೂ ಕಾಣುವುದಿಲ್ಲ, ಸಂದು ತುಂಬಿದ ಮೇಲೇ ಜಿನುಗುತ್ತವೆ. ಒಳಗೆ ಅನುಮಾನ ಇರುವ ಜಾಗಕ್ಕೆ ಟಾಲ್ಕಂ ಪೌಡರ್ ಉದುರಿಸಿಟ್ಟರೆ ಒಂದೇ ಹನಿ ಹರಿದರೂ ಗೆರೆ ಬೀಳುತ್ತದೆ.

ನೀರಿಗೆ ಸಿಗದ ಸಂದಿಗೆ ಇನ್ನೊಂದು ಉಪಾಯ ಇದೆ, ನನಗೆ ತುಂಬಾ ಇಷ್ಟವಾದದ್ದು. ಎಲ್ಲಾ ಬಾಗಿಲು, ಕಿಟಕಿ ಮುಚ್ಚಿ. ಬ್ಲೋವರನ್ನು ಹೊರಗಿನ ಗಾಳಿಗೆ ತಿರುಗಿಸಿ, ಫುಲ್ ಸ್ಪೀಡಿಗೆ ಇಡಿ. ಒಳಗೆ ಗಾಳಿಯ ಒತ್ತಡ ಸ್ವಲ್ಪ ಏರುತ್ತದೆ. ಈಗ ಹೊರಗಿನಿಂದ ಗಾಜಿನ ಅಂಚಿಗೆ, ಬೆಸುಗೆ ಸಂದುಗಳಿಗೆ ಸೋಪಿನ ನೀರು ಸವರಿ. ಎಲ್ಲಿ ಗುಳ್ಳೆ ಏಳುತ್ತದೋ ಅಲ್ಲಿ ತೂತಿದೆ.

ಬಾಗಿಲಿನ ಬೀಡಿಂಗ್, ಅಂದರೆ ಸುತ್ತಲಿನ ರಬ್ಬರ್ ಅಂಚು, ನೋಡಲು ಒಂದು ಕಾಗದದ ಪಟ್ಟಿ ಸಾಕು. ಅದನ್ನು ಬೀಡಿಂಗ್ ಮೇಲಿಟ್ಟು ಬಾಗಿಲು ಹಾಕಿ, ಎಳೆಯಿರಿ. ಬಿಗಿಯಾಗಿ ಹಿಡಿದು ಬಂದರೆ ಸರಿ, ಸುಲಭವಾಗಿ ಜಾರಿದರೆ ಅಲ್ಲಿ ರಬ್ಬರ್ ಒತ್ತುತ್ತಿಲ್ಲ. ಹಾಗಂತ ತಕ್ಷಣ ಹೊಸ ಬೀಡಿಂಗ್ ತರಬೇಡಿ. ಹಿಂಜ್ ಸವೆದು ಬಾಗಿಲೇ ಜೋತುಬಿದ್ದಿರಬಹುದು. ಲಾಕ್ ಕಚ್ಚುವ ಕೊಂಡಿಯನ್ನು ಕೂದಲೆಳೆಯಷ್ಟು ಒಳಗೆ ಸರಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಜಾರುವ ಬಾಗಿಲಿರುವ ವ್ಯಾನುಗಳಲ್ಲಿ ರೋಲರ್ ಸವೆದರೂ ಹೀಗೇ ಆಗುತ್ತದೆ.

ಬಾಗಿಲಿನದ್ದೇ ಇನ್ನೊಂದು ಸಂಗತಿ. ಒಳಗಿನ ಹಲಗೆ ಬಿಚ್ಚಿದರೆ ಅದರ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತದೆ. ಸ್ಪೀಕರ್ ಹಾಕಿದವರು, ಗಾಜಿನ ಮೆಷಿನ್ ರಿಪೇರಿ ಮಾಡಿದವರು ಅದನ್ನು ಹರಿದು ಹಾಗೇ ಬಿಟ್ಟಿರುತ್ತಾರೆ. ಏನೋ ಪ್ಯಾಕಿಂಗ್ ಕವರ್ ಅಂದುಕೊಂಡು ಬಿಸಾಡಿದವರೂ ಇದ್ದಾರೆ. ಬಾಗಿಲಿನ ಹೊಟ್ಟೆಯಲ್ಲಿ ಹರಿಯುವ ನೀರು ಕ್ಯಾಬಿನ್ನಿಗೆ ಬಾರದಂತೆ ತಡೆಯುವುದೇ ಈ ಹಾಳೆ. ಅದು ಹರಿದಿದ್ದರೆ ದಪ್ಪ ಪ್ಲಾಸ್ಟಿಕ್ ಕತ್ತರಿಸಿ, ಸುತ್ತಲೂ ಬ್ಯುಟೈಲ್ ಟೇಪ್, ಅಂದರೆ ಮೆತ್ತನೆಯ ಅಂಟು ರಬ್ಬರ್ ಪಟ್ಟಿ, ಹಾಕಿ ಅಂಟಿಸಿ. ಹಾಳೆಯ ಕೆಳ ಅಂಚು ಬಾಗಿಲಿನ ಒಳಗಡೆಗೆ ಬಾಗಿರಬೇಕು, ಆಗ ನೀರು ಮತ್ತೆ ಹೊಟ್ಟೆಗೇ ಬೀಳುತ್ತದೆ.

ಇನ್ನು ಮುಂದಿನ ಗಾಜು. ಹಳೇ ಮಾದರಿಗಳಲ್ಲಿ ಗಾಜನ್ನು ದಪ್ಪ ರಬ್ಬರ್ ಚೌಕಟ್ಟಿನಲ್ಲಿ ಕೂರಿಸಿರುತ್ತಾರೆ. ಆಮೇಲಿನವುಗಳಲ್ಲಿ ಪಾಲಿಯುರೆಥೇನ್ ಅಂಟಿನಿಂದ ತಗಡಿಗೇ ಅಂಟಿಸಿರುತ್ತಾರೆ. ಅಂಟಿಸಿದ ಗಾಜು ಗಾಡಿಯ ಬಲದ ಒಂದು ಭಾಗ. ಎಷ್ಟೋ ಗಾಡಿಗಳಲ್ಲಿ ಏರ್‌ಬ್ಯಾಗ್ ಉಬ್ಬುವಾಗ ಅದಕ್ಕೆ ಒರಗಿಕೊಂಡೇ ಉಬ್ಬುತ್ತದೆ. ಅದು ಸೋರಿದರೆ ಗಾಜಿನ ಕೆಲಸದವರಿಗೇ ಕೊಡಿ. ರಬ್ಬರ್ ಚೌಕಟ್ಟಿನದ್ದಾದರೆ ಮನೆಯಲ್ಲೇ ನೋಡಬಹುದು. ಪ್ಲಾಸ್ಟಿಕ್ ಚಮಚದ ಹಿಡಿಯಿಂದ ರಬ್ಬರಿನ ತುಟಿಯನ್ನು ಮೆಲ್ಲಗೆ ಎತ್ತಿ, ಕೆಳಗಿನ ಮೂಲೆಗಳಲ್ಲಿ ಟಾರ್ಚ್ ಬಿಡಿ. ಬಣ್ಣ ಗುಳ್ಳೆ ಎದ್ದಿದೆಯಾ? ಅದರಡಿ ಕೆಂಪು ಪುಡಿ ಇದೆಯಾ? ಇದ್ದರೆ ರಬ್ಬರಿಗೆ ಪೇಸ್ಟ್ ತುಂಬಿ ಏನೂ ಪ್ರಯೋಜನವಿಲ್ಲ. ಗಾಜು ಇಳಿಸಿ, ತುಕ್ಕನ್ನು ಹೊಳೆಯುವ ತಗಡು ಕಾಣುವವರೆಗೆ ಉಜ್ಜಿ, ಪ್ರೈಮರ್, ಬಣ್ಣ ಹೊಡೆದು, ಹೊಸ ರಬ್ಬರ್ ಹಾಕಬೇಕು. ತಗಡು ತೂತಾಗಿದ್ದರೆ ವೆಲ್ಡಿಂಗ್ ಬೇಕೇ ಬೇಕು. ತುಕ್ಕು ಇಲ್ಲ, ರಬ್ಬರ್ ಮೆತ್ತಗಿದೆ ಅಂದರೆ ಮಾತ್ರ ರಬ್ಬರಿನ ತುಟಿಯೊಳಗೆ ಗಟ್ಟಿಯಾಗದ ಮ್ಯಾಸ್ಟಿಕ್ ಪೇಸ್ಟ್ ತುಂಬಿದರೆ ಸಾಕು. ಅದು ಮೆತ್ತಗೇ ಉಳಿಯುತ್ತದೆ, ಗಾಡಿ ಅಲುಗಾಡಿದರೂ ಬಿರುಕು ಬಿಡುವುದಿಲ್ಲ.

ಸಿಲಿಕೋನ್ ಯಾಕೆ ಬೇಡ ಅಂದೆ ಅಲ್ವಾ? ಬಚ್ಚಲುಮನೆಗೆ ಬಳಸುವ ಸಾಮಾನ್ಯ ಸಿಲಿಕೋನ್ ಒಣಗುವಾಗ ಹುಳಿ ವಾಸನೆ ಬರುತ್ತದೆ. ಅದು ಅಸಿಟಿಕ್ ಆಮ್ಲ. ಬರಿ ತಗಡಿಗೆ ತಾಗಿದರೆ ತುಕ್ಕಿಗೆ ಅದೇ ದಾರಿ ಮಾಡಿಕೊಡುತ್ತದೆ. ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ, ಮುಂದೆ ಒಳ್ಳೆಯ ಸೀಲಂಟ್ ಹಾಕಿದರೆ ಅದೂ ಹಿಡಿಯುವುದಿಲ್ಲ. ಬಿರುಕು ಬಿಟ್ಟ ಹಳೇ ಪೇಸ್ಟಿನ ಮೇಲೆ ಹೊಸದನ್ನು ಬಳಿಯುವುದಂತೂ ಇನ್ನೂ ಕೆಟ್ಟದ್ದು. ಸಣ್ಣ ಬಿರುಕು ನೀರನ್ನು ತಾನಾಗಿಯೇ ಒಳಗೆ ಎಳೆದುಕೊಳ್ಳುತ್ತದೆ. ಮೇಲೆ ಮುಚ್ಚಿದರೆ ಆ ನೀರು ಹೊರಗೂ ಹೋಗದೆ, ಒಣಗದೆ, ತಗಡನ್ನು ಒಳಗಿಂದಲೇ ತಿನ್ನುತ್ತದೆ. ನೋಡುವವರಿಗೆ ಮೇಲೆ ಎಲ್ಲ ಚೆನ್ನಾಗಿದೆ. ನನಗೆ ಅತಿ ಬೇಸರ ತರಿಸುವ ರಿಪೇರಿ ಇದು. ಚೆನ್ನಾಗಿ ಬಾಳಬಹುದಾಗಿದ್ದ ಬಾಡಿಯನ್ನು ಅದೇ ಮುಗಿಸಿಬಿಡುತ್ತದೆ.

ಛಾವಣಿಯ ಅಂಚಿನ ನೀರುದಾರಿಯಲ್ಲಿ ಸಂದಿನ ಪೇಸ್ಟ್ ಬಿರಿದಿದ್ದರೆ, ಪ್ಲಾಸ್ಟಿಕ್ ಅಥವಾ ಮರದ ಚೂಪಿನಿಂದ ಹಳೆಯದನ್ನು ಪೂರ್ತಿ ಕೆರೆದು ತೆಗೆಯಿರಿ. ಕೆಳಗೆ ತುಕ್ಕಿದ್ದರೆ ಉಜ್ಜಿ, ಪ್ರೈಮರ್ ಹಚ್ಚಿ ಒಣಗಿಸಿ. ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ಪಾಲಿಯುರೆಥೇನ್ ಸೀಮ್ ಸೀಲರ್ ಹಾಕಿ, ಬೆರಳಿಂದ ಒತ್ತಿ ಸಂದಿನೊಳಗೆ ತುಂಬಿ. ಮೇಲೆ ಬಣ್ಣ ಹೊಡೆಯಬೇಕು, ಇಲ್ಲದಿದ್ದರೆ ಬಿಸಿಲು ಸೀಲರನ್ನು ಹಾಳುಮಾಡುತ್ತದೆ. ಛಾವಣಿಯ ಕ್ಯಾರಿಯರ್ ಬೋಲ್ಟು, ಏರಿಯಲ್, ಹಿಂದಿನ ದೀಪದ ಗ್ಯಾಸ್ಕೆಟ್, ಮೇಲಿನ ಬ್ರೇಕ್ ಲೈಟ್, ಇವುಗಳಿಗೆ ಬ್ಯುಟೈಲ್ ಟೇಪ್ ಒಳ್ಳೆಯದು. ಮತ್ತೆ ಬಿಚ್ಚಬೇಕಾದರೂ ಸುಲಭ.

ಗಾಡಿ ನಿಂತಾಗ ಸೋರದೆ, ಓಡಿಸಿದಾಗ ಮಾತ್ರ ಒದ್ದೆ ಆಗುತ್ತದೆಯೇ? ಹಾಗಾದರೆ ಕೆಳಗೆ ನೋಡಿ. ಚಕ್ರ ಎರಚುವ ನೀರು ನೆಲದ ತಗಡಿನ ರಬ್ಬರ್ ಬಿರಡೆಗಳಿಂದ, ಚಕ್ರದ ಗೂಡಿನ ಸಂದುಗಳಿಂದ, ಎಂಜಿನ್ ಕಡೆಯಿಂದ ವೈರು ಒಳಬರುವ ತೂತಿನ ರಬ್ಬರ್ ಬಳೆ, ಅಂದರೆ ಗ್ರೊಮೆಟ್ಟಿನಿಂದ ನುಗ್ಗುತ್ತದೆ. ಹೊಸ ಸ್ಟೀರಿಯೊ, ಹಾರ್ನ್ ಹಾಕಿದವರು ವೈರ್ ತೂರಿಸಲು ಆ ಗ್ರೊಮೆಟ್ಟನ್ನೇ ಸೀಳಿರುವುದುಂಟು.

ರಿಪೇರಿ ಮುಗಿಯಿತು ಅಂತ ಕಾರ್ಪೆಟ್ ಹಾಕಲು ಅವಸರ ಮಾಡಬೇಡಿ. ಸ್ಪಂಜನ್ನು ಹೊರಗೆ ತೆಗೆದು, ಹಿಂಡಿ, ಗಾಳಿಗೆ ಒಣಹಾಕಿ. ಕೊಳೆತಿದ್ದರೆ ಹೊಸದು ಹಾಕಿ. ಒದ್ದೆಯಾದ ಕನೆಕ್ಟರುಗಳನ್ನು ಬಿಚ್ಚಿ, ಹಸಿರು ಬಣ್ಣದ ಕಿಲುಬು ಕಂಡರೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಒಣಗಿಸಿ, ಆಮೇಲಷ್ಟೇ ಬ್ಯಾಟರಿ ಕೊಡಿ. ನೆಲದ ತಗಡು ಬರಿಯಾಗಿರುವಾಗಲೇ ಅಲ್ಲಲ್ಲಿ ಪತ್ರಿಕೆ ಹಾಳೆ ಹಾಸಿ, ಒಂದು ದೊಡ್ಡ ಮಳೆ ಬರಲಿ. ಒಂದು ಹಾಳೆಯಾದರೂ ಸುಕ್ಕುಗಟ್ಟಿದ್ದರೆ ಅಲ್ಲಿಂದ ಮೇಲಕ್ಕೆ ಮತ್ತೆ ಪೈಪ್ ಹಿಡಿಯಿರಿ. ಎಲ್ಲ ಹಾಳೆಗಳೂ ಗರಿಗರಿಯಾಗಿದ್ದರೆ ಕಾರ್ಪೆಟ್ ಹಾಕಬಹುದು.

ನಮಸ್ಕಾರ.