ನಸುಕಿನಲ್ಲಿ ಬಾಗಿಲಿಗೆ ಬಂದ ಹುಡುಗಿ

ಕೇಳುಗರಿಗೆ ನಮಸ್ಕಾರ.

ಪೂರ್ವ ಆಫ್ರಿಕದ ದನಗಾಹಿ ಜನ ಮಸಾಯಿ. ಅವರ ಹೆಸರು ಕೇಳಿದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಕೆಂಪು ಹೊದಿಕೆ ಹೊದ್ದು ಭರ್ಜಿ ಹಿಡಿದ ಎತ್ತರದ ಗಂಡಸು. ಅವನ ಬೆನ್ನ ಹಿಂದಿನ ಮನೆ ಕಟ್ಟಿದವಳು ಹೆಂಗಸು. ಕೋಲು ನೆಟ್ಟು, ರೆಂಬೆ ಹೆಣೆದು, ಮಣ್ಣು ಸಗಣಿ ಕಲಸಿ ಮೆತ್ತುವುದು ಅವಳು. ಸೋರಿದರೆ ಮಾಡಿಗೆ ಮತ್ತೆ ಸಗಣಿ ಬಳಿಯುವುದೂ ಅವಳೇ. ನೀರು, ಸೌದೆ, ಹಾಲು ಕರೆಯುವುದು ಎಲ್ಲ ಅವಳ ಪಾಲು. ದನ ಮಾತ್ರ ಗಂಡಸಿನದು. ಅಲ್ಲಿ ದನವೇ ಹಣ, ದನವೇ ಮಾನ.

ಮಗಳ ಮದುವೆಯಾದರೆ ಅಪ್ಪನ ಹಟ್ಟಿಗೆ ದನ ಬರುತ್ತವೆ. ನಮ್ಮ ಹಿಂದಿನವರು ‘ತೆರ’ ಎನ್ನುತ್ತಿದ್ದರಲ್ಲ, ಅಂಥದ್ದೇ. ಮಳೆ ಕೈಕೊಟ್ಟು ದನ ಸತ್ತ ವರ್ಷ ಹಟ್ಟಿ ತುಂಬಿಸಲು ಮನೆಯಲ್ಲಿ ಉಳಿದಿರುವುದು ಮಗಳೊಬ್ಬಳೇ. ಮೊದಲು ಜನನಾಂಗ ಛೇದನ, ಅಂದರೆ ಹುಡುಗಿಯ ಗುಪ್ತಾಂಗದ ಭಾಗವನ್ನು ಕತ್ತರಿಸುವ ಆಚರಣೆ; ಹಿಂದೆಯೇ ಮದುವೆ. ಶಾಲೆಯ ಮಾತು ಅಲ್ಲಿಗೆ ಮುಗಿಯಿತು.

ಕೀನ್ಯಾದ ನರೋಕ್ ಕೌಂಟಿಯಲ್ಲಿ ಎನೂಸಾಯೆನ್ ಎಂಬ ಮಸಾಯಿ ಊರಿದೆ. 2001ರ ಸೆಪ್ಟೆಂಬರ್ 11ರಂದು ಅಮೆರಿಕದ ಮೇಲೆ ನಡೆದ ದಾಳಿಯಲ್ಲಿ ಸತ್ತವರಿಗಾಗಿ ಮರುಗಿ, ಮರುವರ್ಷ ಆ ದೇಶಕ್ಕೆ 14 ಹಸುಗಳನ್ನು ಕೊಟ್ಟ ಊರು ಅದು. ಅಷ್ಟು ದೂರದ ನೋವಿಗೆ ಕರಗಿದ ಜನರನ್ನು ಕಟುಕರೆನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಅದೇ ಊರಿನ ಕಕೇನ್ಯಾ ನ್ತಾಯಾ ಎಂಬ ಹುಡುಗಿಗೆ 5ನೇ ವಯಸ್ಸಿಗೇ ಗಂಡು ಗೊತ್ತುಮಾಡಿದ್ದರು. ಛೇದನದ ಹೊತ್ತು ಬಂದಾಗ ಹುಡುಗಿ ಅಪ್ಪನ ಮುಂದೆ ಕರಾರು ಇಟ್ಟಳು: ಒಪ್ಪುತ್ತೇನೆ, ಹೈಸ್ಕೂಲಿಗೆ ಕಳಿಸಬೇಕು, ಇಲ್ಲವೇ ಓಡಿಹೋಗುತ್ತೇನೆ. ಅಪ್ಪ ಒಪ್ಪಿದ. ಇದನ್ನು ಗೆಲುವು ಎನ್ನಲಾರೆ. ಓದಿಗಾಗಿ ಆ ಮಗು ತನ್ನ ಮೈಯನ್ನೇ ತೆರಬೇಕಾಯಿತು.

ಮುಂದೆ ಅಮೆರಿಕದ ಕಾಲೇಜಿನಲ್ಲಿ ಸೀಟು ಸಿಕ್ಕಿತು, ಹೋಗಲು ಹಣವಿರಲಿಲ್ಲ. ಸೂರ್ಯ ಹುಟ್ಟುವ ಮುಂಚೆ ಮನೆಗೆ ಬಂದವರು ಒಳ್ಳೆಯ ಸುದ್ದಿ ತರುತ್ತಾರೆಂಬುದು ಅಲ್ಲಿಯ ನಂಬಿಕೆ. ಅವಳು ನಸುಕಿನಲ್ಲೇ ಹಿರಿಯರ ಬಾಗಿಲಿಗೆ ಹೋದಳು. ಓದಿ ಬಂದು ಊರಿಗೆ ನೆರವಾಗುತ್ತೇನೆಂದು ಮಾತು ಕೊಟ್ಟಳು. ಊರೇ ಹಣ ಕೂಡಿಸಿ ಕಳಿಸಿತು.

ಕಕೇನ್ಯಾ ಮಾತು ಉಳಿಸಿಕೊಂಡರು. 2009ರಲ್ಲಿ ಅದೇ ಊರಿನಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಛೇದನ ಮಾಡಿಸುವುದಿಲ್ಲ, ಎಳೆತನದಲ್ಲಿ ಮದುವೆ ಮಾಡುವುದಿಲ್ಲ ಎಂದು ಹೆತ್ತವರು ಒಪ್ಪಿದರೇನೇ ಅಲ್ಲಿ ಪ್ರವೇಶ.

ಅದು ವಸತಿ ಶಾಲೆ. ಹುಡುಗಿಯರಿಗೆ ಶಾಲೆ ದೂರ, ದಾರಿಯಲ್ಲಿ ಅಪಾಯ, ಮನೆ ಸೇರಿದರೆ ಬಿಂದಿಗೆ ಕಾದಿರುತ್ತದೆ. ಇದೆಲ್ಲ ನಮಗೂ ಅರ್ಥವಾಗುವ ಕಷ್ಟ. ನನ್ನನ್ನು ಕಲಕಿದ್ದು ರಜೆಯ ಸಂಗತಿ. ಛೇದನ ಹೆಚ್ಚಾಗಿ ನಡೆಯುವುದು ದೊಡ್ಡ ರಜೆಗಳಲ್ಲಿ, ಗಾಯ ಮಾಯಲು ದಿನ ಸಿಗುತ್ತದೆಂದು. ಕೀನ್ಯಾ ಇದನ್ನು 2011ರ ಕಾನೂನಿನಲ್ಲಿ ಅಪರಾಧವೆಂದಿತು. 2014ರಲ್ಲಿ ದೇಶದ ಶೇ. 21ರಷ್ಟು ಹೆಂಗಸರು ಛೇದನಕ್ಕೊಳಗಾಗಿದ್ದರೆ, 2022ರ ಸಮೀಕ್ಷೆಯಲ್ಲಿ ಅದು ಶೇ. 15ಕ್ಕೆ ಇಳಿಯಿತು. ಮಸಾಯಿಗಳಲ್ಲಿ ಪ್ರಮಾಣ ಇದಕ್ಕಿಂತ ಬಹಳ ಹೆಚ್ಚು. ಹಾಗಾಗಿ ಡಿಸೆಂಬರಿನ ರಜೆಗೆ ಶಾಲೆಗಳು ಮುಚ್ಚಿದ ಮೇಲೂ ಹುಡುಗಿಯರನ್ನು ಮನೆಗೆ ಕಳಿಸದೆ ಇರಿಸಿಕೊಳ್ಳುವ ಆಶ್ರಯಗಳು ಅಲ್ಲಿವೆ. ರಜೆ ಮುಗಿದು ಗಂಟೆ ಬಾರಿಸುವವರೆಗೆ ಅವರ ಹಾಸಿಗೆ ಅಲ್ಲೇ.

ನಮಸ್ಕಾರ.